ಟ್ರಾಟಾಯಣ

ಕುದುರೆಯ ನಡೆಗಳಲ್ಲಿ ಮಾನ ಮರ್ಯಾದೆಯೆಲ್ಲ ನಾಗಾಲೋಟದ ಪಾಲು. ಯುದ್ಧದ ವರ್ಣನೆ ಬಂದರೆ ನಾಗಾಲೋಟ, ಸಿನಿಮಾದ ನಾಯಕ ನಾಯಕಿಯನ್ನು ಬಿಡಿಸಲು ಹೊರಟರೆ ನಾಗಾಲೋಟ, ಕೊನೆಗೆ ಚಿನ್ನದ ಬೆಲೆ ಏರಿದರೂ ಪತ್ರಿಕೆಯಲ್ಲಿ ನಾಗಾಲೋಟ. ಅದರ ಬಡ ತಮ್ಮ ಕುಕ್ಕುಲೋಟ, ಅಂದರೆ ಇಂಗ್ಲಿಷಿನ ಟ್ರಾಟ್, ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಂದು ಪಾಪ ಎನ್ನಬೇಕಾಗಿಯೂ ಇಲ್ಲ. ಅಣ್ಣ ಕಾವ್ಯದಲ್ಲಿ ಹೋಗಿ ಕೂತ ಹೊತ್ತಿನಲ್ಲಿ ತಮ್ಮ ಅಡುಗೆಮನೆ, ಕಕ್ಕಸು, ಕಾಲೇಜು, ನೃತ್ಯಶಾಲೆ ಎಲ್ಲವನ್ನೂ ಸುತ್ತಿ ಬಂದಿದ್ದಾನೆ.

ನಡೆ ಸರಳವಾದದ್ದೇ. ಮುಂದಿನ ಬಲಗಾಲು, ಹಿಂದಿನ ಎಡಗಾಲು ಒಟ್ಟಿಗೆ ನೆಲ ಮುಟ್ಟುತ್ತವೆ. ಆಮೇಲೆ ಉಳಿದ ಜೋಡಿ. ಎರಡೇ ತಾಳ: ಟಪ್, ಟಪ್. ಕುದುರೆಗೆ ಇದು ದಣಿವಾಗದೆ ದೂರ ಸಾಗುವ ಸುಖದ ನಡೆ. ಮೇಲೆ ಕೂತವನ ಕಥೆ ಬೇರೆ. ಹೊಸಬನಾದರೆ ಕುದುರೆಯ ಬೆನ್ನು ಮೇಲೇಳುವ ಹೊತ್ತಿಗೆ ಸರಿಯಾಗಿ ಇವನು ಕೆಳಗಿಳಿಯುತ್ತಾನೆ. ಜೀನಿಗೂ ಇವನ ಕುಂಡೆಗೂ ಆಗುವ ಆ ಮುಖಾಮುಖಿಯಲ್ಲಿ ಸೋಲು ಯಾರದೆಂದು ಹೇಳಬೇಕಿಲ್ಲ. ಬೆನ್ನುಮೂಳೆ ಲಟಲಟ, ಹಲ್ಲು ಕಟಕಟ. ಇದಕ್ಕೊಂದು ಉಪಾಯವಿದೆ: ಒಂದು ತಾಳಕ್ಕೆ ರಿಕಾಪಿನ ಮೇಲೆ ಭಾರ ಬಿಟ್ಟು ಏಳುವುದು, ಮುಂದಿನದಕ್ಕೆ ಕೂರುವುದು. ಹಳೆಯ ಕಾಲದ ಬಾಡಿಗೆ ‘ಪೋಸ್ಟ್’ ಗಾಡಿಗಳ ಕುದುರೆ ಏರಿ ಹೋಗುತ್ತಿದ್ದ ಸವಾರರು ಮಾಡುತ್ತಿದ್ದುದರಿಂದ ಇದಕ್ಕೆ ‘ಪೋಸ್ಟಿಂಗ್’ ಎಂದು ಹೆಸರಾಯಿತು. ಈಗಿನ ಪೋಸ್ಟಿಂಗಿನಲ್ಲೂ ಬೆನ್ನು ನೋಯುತ್ತದೆ, ಆದರೆ ಅದಕ್ಕೆ ಕುದುರೆ ಕಾರಣವಲ್ಲ.

ಟಪ್ ಮತ್ತು ಟಪ್‌ಗಳ ನಡುವೆ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆಯೇ? ಅಮೆರಿಕದ ಸಿರಿವಂತ ಲೆಲ್ಯಾಂಡ್ ಸ್ಟ್ಯಾನ್‌ಫೋರ್ಡ್‌ಗೆ ಈ ತಲೆಬಿಸಿ ಹತ್ತಿಕೊಂಡಿತು. 1872ರಲ್ಲಿ ಆತ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನನ್ನು ಕರೆಸಿದ. ಮೊದಲು ಕ್ಯಾಮೆರಾ ಎದುರು ಬಂದದ್ದು ಆಕ್ಸಿಡೆಂಟ್ (Occident) ಎಂಬ ಕುದುರೆ, ಅದೂ ಟ್ರಾಟ್ ಹಾಕುತ್ತಾ. 1878ರ ಜೂನ್‌ನಲ್ಲಿ ಪಾಲೊ ಆಲ್ಟೊದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳು ಸಂಶಯ ಪೂರ್ತಿ ಕಳೆದವು. ಹೌದು, ಕಾಲು ನಾಲ್ಕೂ ಗಾಳಿಯಲ್ಲೇ. ಆಮೇಲೆ ನಡೆದದ್ದು ದೊಡ್ಡಣ್ಣನ ದಬ್ಬಾಳಿಕೆ. ಆ ಸಲವೇ ನಾಗಾಲೋಟದಲ್ಲಿ ಸೆರೆಸಿಕ್ಕ ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ಚಲನಚಿತ್ರದ ಮುತ್ತಜ್ಜಿಯೆಂದು ಜಗತ್ಪ್ರಸಿದ್ಧವಾಯಿತು. ಪ್ರಶ್ನೆ ಹುಟ್ಟಿಸಿದ ಟ್ರಾಟ್ ಅಡಿಟಿಪ್ಪಣಿಗೆ ಇಳಿಯಿತು.

ಟ್ರಾಟ್‌ಗೆ ನ್ಯಾಯ ಸಿಗುವ ಜಾಗವೊಂದಿದೆ. ಎರಡು ಚಕ್ರದ ಹಗುರ ಗಾಡಿಗೆ ಕುದುರೆ ಹೂಡಿ ಓಡಿಸುವ ಪಂದ್ಯಗಳು ಅಮೆರಿಕ, ಫ್ರಾನ್ಸ್, ಸ್ವೀಡನ್‌ಗಳಲ್ಲಿ ನಡೆಯುತ್ತವೆ. ಅಲ್ಲಿ ಟ್ರಾಟ್ ಕುದುರೆ ಹುಮ್ಮಸ್ಸು ತಾಳಲಾರದೆ ನಾಗಾಲೋಟಕ್ಕೆ ಬಿದ್ದರೆ ಅದು ತಪ್ಪು! ಸಾರಥಿ ಲಗಾಮು ಜಗ್ಗಿ ಅದನ್ನು ಮತ್ತೆ ಕುಕ್ಕುಲೋಟಕ್ಕೆ ತರಬೇಕು. ಅಷ್ಟರಲ್ಲಿ ಉಳಿದವು ಮುಂದೆ ಹೋಗಿರುತ್ತವೆ. ಜೋರಾಗಿ ಓಡಿದ್ದಕ್ಕೆ ಹಿಂದೆ ಬೀಳುವ ಓಟದ ಪಂದ್ಯ ಇನ್ನೆಲ್ಲಿ ಸಿಕ್ಕೀತು?

ಕುದುರೆಯಿಂದ ಕೆಳಗಿಳಿದ ಮೇಲೆ ಈ ಪದದ ನಿಜವಾದ ಅಲೆದಾಟ ಶುರು. ಇಂಗ್ಲೆಂಡಿನ ಕಟುಕನ ಅಂಗಡಿಯಲ್ಲಿ ‘ಟ್ರಾಟರ್’ ಅಂದರೆ ಹಂದಿಯ ಕಾಲು. ನಮ್ಮ ಕಾಲು ಸೂಪಿನ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋಲ್ಟನ್ ಊರಿನ ಫುಟ್‌ಬಾಲ್ ತಂಡಕ್ಕೂ ಅದೇ ಅಡ್ಡಹೆಸರು. ‘ದಿ ಟ್ರಾಟ್ಸ್’ ಎಂದು ಬಹುವಚನ ಹಚ್ಚಿದರೆ ಭೇದಿ. ಮಂಚದಿಂದ ಕಕ್ಕಸಿಗೆ ಮನುಷ್ಯ ಹೋಗುವ ವೇಗ ನೋಡಿದವರು ಇಟ್ಟ ಹೆಸರಿರಬೇಕು, ನಡಿಗೆ ಸಾಲದು, ಓಡುವ ಧೈರ್ಯವಿಲ್ಲ. ಕ್ರಿಕೆಟ್ ವರದಿಗಾರ ‘ಆನ್ ದ ಟ್ರಾಟ್’ ಮೂರು ವಿಕೆಟ್ ಬಿತ್ತು ಎಂದರೆ ಒಂದರ ಹಿಂದೊಂದು. ಬ್ರಿಟನ್ನಿನ ಎಡಪಂಥೀಯರು ಒಬ್ಬರನ್ನೊಬ್ಬರು ‘ಟ್ರಾಟ್’ ಎಂದು ಬೈದುಕೊಂಡರೆ ಮಾತ್ರ ಕುದುರೆಯ ತಪ್ಪಿಲ್ಲ, ಅದು ರಷ್ಯದ ಕ್ರಾಂತಿಕಾರಿ ಟ್ರಾಟ್ಸ್ಕಿಯ ಬಾಲ.

ಅಮೆರಿಕದ ಹಳೆಯ ಕಾಲೇಜು ಹುಡುಗರ ಬಳಕೆ ಎಲ್ಲಕ್ಕಿಂತ ಸೊಗಸು. ಲ್ಯಾಟಿನ್ ತರಗತಿಗೆ ಸೀಸರನ ಯುದ್ಧಕಥನ ಓದಿ ಬರಬೇಕು. ಓದುವವರು ಯಾರು? ಪುಸ್ತಕದ ಸಂದಿಯಲ್ಲಿ ಇಂಗ್ಲಿಷ್ ಅನುವಾದ ಬಚ್ಚಿಟ್ಟುಕೊಂಡರಾಯಿತು. ಆ ಗೈಡಿಗೆ ‘ಟ್ರಾಟ್’ ಎಂದೂ ‘ಪೋನಿ’ ಎಂದೂ ಹೆಸರು. ಕಾಲು ಸವೆಸದೆ ಊರು ಸೇರಿಸುವುದಲ್ಲವೇ!

1910ರ ಸುಮಾರಿಗೆ ಕೋಳಿಯ ಹಾಗೆ ತೋಳು ಬಡಿದು ಕುಣಿಯುವ ‘ಟರ್ಕಿ ಟ್ರಾಟ್’ ಅಮೆರಿಕದ ಪಾದ್ರಿಗಳ ಕೋಪ ಕೆರಳಿಸಿತು. ಹೆಸರು ಕುಣಿತದ್ದೊಂದೇ ಅಲ್ಲ, ಓಟದ್ದೂ ಹೌದು: ಬಫಲೋ ನಗರದಲ್ಲಿ 1896ರಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಜನ ಟರ್ಕಿ ಕೋಳಿ ತಿನ್ನುವ ಮುಂಚೆ ಟರ್ಕಿ ಟ್ರಾಟ್ ಓಡುತ್ತಾರೆ. 1914ರ ಹೊತ್ತಿಗೆ ಫಾಕ್ಸ್‌ಟ್ರಾಟ್ ಕುಣಿತ ಬಂತು. ಕೆಂಪೇಗೌಡ ನಿಲ್ದಾಣದಲ್ಲಿ ವಿಮಾನ ಇಳಿಸುವ ಪೈಲಟ್ ರೇಡಿಯೊದಲ್ಲಿ ಎಫ್ ಅಕ್ಷರ ಹೇಳಬೇಕಾದಾಗಲೆಲ್ಲ ‘ಫಾಕ್ಸ್‌ಟ್ರಾಟ್’ ಎನ್ನುತ್ತಾನೆ, ಕುಣಿಯುವ ಉದ್ದೇಶವಿಲ್ಲದಿದ್ದರೂ. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ಹುಟ್ಟಿದ್ದು 1920ರ ದಶಕದ ಶಿಕಾಗೊದಲ್ಲಿ. ಭೂಮಂಡಲ ಸುತ್ತಿದವರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮೊದಲ ಪಂದ್ಯ ಆಡಿದ್ದು 1968ರಲ್ಲಿ.

ಫಾಕ್ಸ್‌ಟ್ರಾಟ್‌ನ ನರಿ ಹಾದಿಯಲ್ಲೆಲ್ಲೋ ತಪ್ಪಿಸಿಕೊಂಡು, ಉಳಿದ ಟ್ರಾಟ್ ಕೊರಿಯಾ ತಲುಪಿ ‘ಟ್ರೊಟ್’ ಎಂಬ ಸಂಗೀತವಾಯಿತು. ಗಮಕ, ನಡುಗುವ ಕಂಠ, ಊರು ಬಿಟ್ಟವರ ಅಳಲು, ಕೆಳಗೆ ಅದೇ ಎರಡು ತಾಳ. ಕೊರಿಯದವರಿಗೆ ಅದು ಟಪ್ ಟಪ್ ಎಂದು ಕೇಳಿಸಲಿಲ್ಲ, ‘ಪೊಂಗ್‌ಚಾಕ್’ ಎಂದು ಕೇಳಿಸಿತು. ಚುಡಾಯಿಸಲು ಇವತ್ತಿಗೂ ಅದೇ ಹೆಸರು. 1964ರಲ್ಲಿ ಇ ಮಿಜಾ ಎಂಬ ಗಾಯಕಿ ಹಾಡಿದ ‘ಡೊಂಗ್‌ಬೆಕ್ ಆಗಾಸ್ಸಿ’ ಮನೆಮಾತಾಯಿತು. ಅದರಲ್ಲಿ ಜಪಾನಿ ವಾಸನೆ ಇದೆಯೆಂದು ಸರ್ಕಾರ ನಿಷೇಧಿಸಿತು, 1987ರವರೆಗೂ ಬಿಡಲಿಲ್ಲ. ಅಜ್ಜಿಯರ ಸಂಗೀತವೆಂದು ಮೂಲೆಗುಂಪಾಗಿದ್ದ ಟ್ರೊಟ್ 2020ರಲ್ಲಿ ‘ಮಿಸ್ಟರ್ ಟ್ರೊಟ್’ ಎಂಬ ಟಿವಿ ಸ್ಪರ್ಧೆಯಾಗಿ ಎದ್ದು ಬಂತು. ಅಂತಿಮ ಸುತ್ತಿನ ರಾತ್ರಿ ವೀಕ್ಷಕರ ಎಸ್ಸೆಮ್ಮೆಸ್ ಮತಗಳು 70 ಲಕ್ಷ ದಾಟಿ ಎಣಿಸುವ ಯಂತ್ರವೇ ಕುಸಿದು ಕೂತಿತು. ಇಮ್ ಯಂಗ್‌ವೂಂಗ್ ಗೆದ್ದನೆಂದು ತಿಳಿಯಲು ಅಜ್ಜಿಯರು ಎರಡು ದಿನ ಕಾಯಬೇಕಾಯಿತು.