ಹಿಡಿಯೂ ಬಂತು, ಗಡ್ಡವೂ ಉಳಿಯಿತು

ದೇವರನ್ನು ಕೆತ್ತುವ ಊರಿಗೆ ಕ್ಷೌರದ ಕತ್ತಿ ಹಿಡಿದು ಹೋಗುವವನಿಗೆ ಧೈರ್ಯವೂ ಬೇಕು, ತುಸು ಲಜ್ಜೆಗೇಡಿತನವೂ ಬೇಕು. ನನ್ನಲ್ಲಿ ಎರಡನೆಯದು ಯಥೇಚ್ಛ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಬೀದಿಯುದ್ದಕ್ಕೂ ಗಣಪತಿ, ನಂದಿ, ಬುದ್ಧ. ನಡುವೆ ನಾನು, ಚೀಲದಲ್ಲಿ ತಾತನ ಕಾಲದ ಶೆಫೀಲ್ಡ್ ಕತ್ತಿ. ಅಲಗು ಅಪ್ಪಟ ಉಕ್ಕು. ಹಳೆಯ ಹಿಡಿ ಮಾತ್ರ ಸೆಲ್ಯುಲಾಯ್ಡ್. ಅದು ಮುದಿಯಾದರೆ ತಾನೂ ಪುಡಿಯಾಗಿ, ಬಿಡುವ ಆವಿಯಿಂದ ಪಕ್ಕದ ಉಕ್ಕಿಗೂ ತುಕ್ಕು ಹಿಡಿಸುತ್ತದೆ. ಸಂಬಂಧಿಕರಲ್ಲೂ ಇಂಥವರಿದ್ದಾರೆ.

ತುಕ್ಕು ತೆಗೆದದ್ದು, ಹೊಸ ಹಿಡಿಗೆಂದು ಮುರಿದ ಮಂಚದ ಬೀಟೆ ಕಾಲನ್ನು ಸೀಳಿ ಎರಡು ಪಟ್ಟಿ ಮಾಡಿದ್ದು, ಅಗಸೆ ಎಣ್ಣೆ ಉಜ್ಜಿದ್ದು, ಮನೆಯಲ್ಲಿ ಬೈಸಿಕೊಂಡದ್ದು, ಇವೆಲ್ಲ ಹಾಗಿರಲಿ. ಕತೆ ಇರುವುದು ಹಿತ್ತಾಳೆ ಮೊಳೆಯಲ್ಲಿ.

ಪಟ್ಟಿಗಳ ನಡುವೆ ಅಲಗನ್ನಿಟ್ಟು, ಕಡ್ಡಿಯಂಥ ಮೊಳೆ ತೂರಿಸಿ, ಎರಡೂ ತುದಿ ಬಡಿದು ತಲೆ ಕಟ್ಟಬೇಕು. ಮೆಲ್ಲಗೆ ಬಡಿದರೆ ಅಲಗು ಜೋಲಾಡುತ್ತದೆ, ಜೋರಾಗಿ ಬಡಿದರೆ ಬೀಟೆ ಬಿರಿಯುತ್ತದೆ. ಪರಿಚಯದ ಶಿಲ್ಪಿಯೊಬ್ಬರು ನನ್ನ ಕೈಕೆಲಸವನ್ನು ಮಡಚಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಅಲಗು ಎಡಕ್ಕೆ ವಾಲೈತಲ್ಲ ಸಾರ್."

"ಕೂದಲೆಳೆಯಷ್ಟು ಅಲ್ವಾ?"

"ಕೂದಲೆಳೆಯಷ್ಟು ವಾಲಿದ್ರೂ ಪೂಜೆಗೆ ಇಕ್ಕಲ್ಲ."

ಇದು ಪೂಜೆಗಲ್ಲ, ಗಡ್ಡಕ್ಕೆ ಎಂದೆ. ಅವರಿಗೆ ಆ ಭೇದವೇ ಹಿಡಿಸಲಿಲ್ಲ. ಇನ್ನೂ ದೇವರಾಗದ ಕಲ್ಲೊಂದರ ಮೇಲೆ ಗೋಣಿತಾಟು ಹಾಸಿ, ಕತ್ತಿಯನ್ನು ಮಲಗಿಸಿ, ಎಲ್ಲಕ್ಕಿಂತ ಸಣ್ಣ ಸುತ್ತಿಗೆ ತರಿಸಿದರು. ಟಿಕ್. ಮಡಚಿ ನೋಡಿದರು. ತಲೆಯಾಡಿಸಿದರು. ಟಿಕ್. ಕಲ್ಲು ಕೊಯ್ಯುವ ಮಷೀನು ನಿಂತಿತು. ಉಳಿ ಹಿಡಿದ ಹುಡುಗರು ಎದ್ದು ಬಂದರು. ಟಿಕ್. ಆಂಜನೇಯನ ಬೆಲೆ ಚೌಕಾಸಿ ಮಾಡುತ್ತಿದ್ದ ಗಿರಾಕಿಯೂ ಬಂದು ಕತ್ತು ಚಾಚಿದ. ವಿಗ್ರಹದ ನೇತ್ರೋನ್ಮೀಲನದಲ್ಲೂ ನಾನು ಇಷ್ಟು ಭಕ್ತಿಯಿಂದ ನಿಂತವನಲ್ಲ. ಕೊನೆಯ ಟಿಕ್‌ಗೆ ಅಲಗು ಎಡ ಬಲ ಯಾವುದನ್ನೂ ಸೋಕದೆ ನಟ್ಟನಡುವೆ ಒಳಸೇರಿತು. ಯಾರೋ ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ನಾನು ಕೈಮುಗಿದೆ, ಯಾರಿಗೆಂದು ಈಗಲೂ ಗೊತ್ತಿಲ್ಲ.

"ಯಾವಾಗ ಬೋಳಿಸ್ಕಂತೀರಾ ಸಾರ್?" ಎಂದ ಒಬ್ಬ ಹುಡುಗ. ನಾನು ಮಳೆ ಬೆಳೆಯ ಮಾತೆತ್ತಿದೆ. ಜಿಲೆಟ್ ಮಹಾಶಯ 1904ರಲ್ಲಿ ತನ್ನ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದದ್ದು ನನ್ನಂಥವರ ಕುತ್ತಿಗೆಯ ಮೇಲಿನ ಕರುಣೆಯಿಂದಲೇ ಇರಬೇಕು.

ಮಷೀನು ಮತ್ತೆ ಶುರುವಾಯಿತು. ಬೀಟೆಯ ಹೊಟ್ಟು ಮೂಗಿಗಾಗದೆಂದು ಮನೆಯಲ್ಲಿ ನಾನು ಮಾಸ್ಕ್ ಹಾಕಿಕೊಂಡು ಮರ ಉಜ್ಜಿದ್ದೆ. ಆ ಹುಡುಗ ಮೂಗಿಗೆ ಸುತ್ತಿಕೊಂಡದ್ದು ಬರೀ ಟವಲು. ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಸಿಲಿಕೋಸಿಸ್. ಬಂದರೆ ವಾಸಿಯಾಗುವ ಮಾತಿಲ್ಲ. ಅತ್ತ ಗಿರಾಕಿ, "ಮಷೀನಲ್ಲಿ ಕೊಯ್ಯೋದಕ್ಕೆ ಇಷ್ಟು ದುಡ್ಡಾ?" ಎನ್ನುತ್ತಿದ್ದ. ನನ್ನ ಕತ್ತಿಗೆ ಇನ್ನೂ ಸಾಣೆ ಹಿಡಿಸಿರಲಿಲ್ಲ, ಅವನ ಪುಣ್ಯ.

ಶಿವಾರಪಟ್ಟಣಕ್ಕೆ ಹೋದರೆ ಚೌಕಾಸಿ ಮಾಡಬೇಡಿ. ಕೇಳಿದಷ್ಟು ಕೊಟ್ಟು ದೇವರನ್ನು ತನ್ನಿ. ಕೈಲಾದರೆ ಆ ಹುಡುಗರಿಗೆ ಒಳ್ಳೆಯ ಮಾಸ್ಕ್ ಕೊಟ್ಟು ಬನ್ನಿ.