‘ಮೇಲಕ್ಕೆ ಹಾಕಿ’ ಎನ್ನುವವರು

‘ಮೇಲಕ್ಕೆ ಹಾಕಿ’ ಎನ್ನುವ ಗೃಹಸ್ಥರು ಹೆಂಡತಿಯ ತವರಿನಲ್ಲಿ ತೋಟ, ಬೆಂಗಳೂರಿನಲ್ಲಿ ಫ್ಲ್ಯಾಟು ಎರಡೂ ಇರುವ ಸಂಸಾರಗಳಲ್ಲಿ ಕಂಡುಬರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ಸಣ್ಣ ಕಾರು ಇದ್ದಷ್ಟು ದಿನ ಇವರೂ ಎಲ್ಲರಂತೆಯೇ ಇದ್ದವರು. ಎಸ್‌ಯುವಿ ಕೊಂಡು, ಗ್ರಿಲ್ ಅಂಗಡಿಯಲ್ಲಿ ಹೇಳಿ ಮಾಡಿಸಿದ ಕಬ್ಬಿಣದ ಕ್ಯಾರಿಯರನ್ನು ಅದರ ನೆತ್ತಿಗೆ ಕೂರಿಸಿದ ಮೇಲೆ ಲಕ್ಷಣಗಳು ಕಾಣತೊಡಗುತ್ತವೆ. ಡಿಕ್ಕಿ ತುಂಬಿತು ಎಂದು ಯಾರಾದರೂ ಗೊಣಗಿದರೆ ಇವರ ಮುಖ ಅರಳುತ್ತದೆ.

ಲಕ್ಷಣಗಳು ಉಲ್ಬಣಿಸುವುದು ಮೇ ತಿಂಗಳ ಕೊನೆಯಲ್ಲಿ, ರಜೆ ಮುಗಿಸಿ ಹೊರಡುವ ಬೆಳಿಗ್ಗೆ. ಹೆಬ್ರಿಯ ಕಡೆಯ ಮನೆಯೊಂದರ ಅಂಗಳವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕುಚ್ಚಲಕ್ಕಿಯ ಮೂಟೆ ಒಂದು, 25 ಕಿಲೋ. ಸುಲಿದ ತೆಂಗಿನಕಾಯಿ ಎಂಬತ್ತು, ಹತ್ತಿರ ಹತ್ತಿರ 45 ಕಿಲೋ. ಹಲಸು ಎರಡು, ಸೇರಿ 25. ಮದುವೆಯಲ್ಲಿ ಕೊಟ್ಟು, ಒಯ್ಯದೆ ಉಳಿದಿದ್ದ ಹತ್ತಿ ಹಾಸಿಗೆ, 15. ಇಷ್ಟು ಏರಿಸಿ ಹಗ್ಗ ಬಿಗಿಯುವ ಹೊತ್ತಿಗೆ ಒಳಗಿನಿಂದ ಅತ್ತೆ ಇನ್ನೊಂದು ಗೋಣಿಚೀಲ ಹಿಡಿದು ಬರುತ್ತಾರೆ. ‘ಅಳಿಯಂದಿರೇ, ಇದೊಂದು ಹಿಡಿಸ್ತದಾ ನೋಡಿ.’ ಹಿಡಿಸುವುದಿಲ್ಲ ಎಂದ ಅಳಿಯ ಈ ಜಾತಿಯಲ್ಲಿ ಇನ್ನೂ ಹುಟ್ಟಿಲ್ಲ. ಆ ಚೀಲದಲ್ಲಿ ಏನಿದೆಯೆಂದು ಕೇಳುವುದೂ ಕ್ರಮವಲ್ಲವಾದ್ದರಿಂದ ಅದನ್ನು ಲೆಕ್ಕದಿಂದ ಬಿಡಲಾಗಿದೆ.

ಎಷ್ಟು ಹೇರಬಹುದು ಎಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಅದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಪ್ರಸಾದದ ಪೊಟ್ಟಣಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರು ಒಡೆಯದ ಸ್ಥಿತಿಯಲ್ಲಿ ಸುರಕ್ಷಿತವಾಗಿದೆ. ಬಹಳಷ್ಟು ಎಸ್‌ಯುವಿಗಳಿಗೆ ಈ ಮಿತಿ 75 ಕಿಲೋ, ಕೆಲವು ದೊಡ್ಡವಕ್ಕೆ 100. ಕ್ಯಾರಿಯರಿನ ಸ್ವಂತ ತೂಕವೂ ಈ ಮಿತಿಯೊಳಗೇ ಬರಬೇಕು. ಗ್ರಿಲ್ ಅಂಗಡಿಯವನು ‘ಆನೆ ಕೂತ್ರೂ ಬಗ್ಗಲ್ಲ ಸಾರ್’ ಎಂದು ಬೆಸುಗೆ ಹಾಕಿಕೊಟ್ಟಿರುವುದೇ 25 ಕಿಲೋ. ಅಲ್ಲಿಗೆ ಒಟ್ಟು 135. ಛಾವಣಿಗೊಂದು ಮಿತಿ, ಅಡ್ಡಪಟ್ಟಿಗೊಂದು, ಕ್ಯಾರಿಯರಿಗೊಂದು ಇದ್ದರೆ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಕೊನೆಯ ಮಾತು. ಆನೆಯ ಆಶ್ವಾಸನೆ ಕ್ಯಾರಿಯರಿಗೆ ಮಾತ್ರ ಅನ್ವಯಿಸುತ್ತದೆ. ಇನ್ನು ಕೆಲವು ಕಾರುಗಳ ನೆತ್ತಿಯ ಎರಡು ಬದಿಯಲ್ಲಿ ಮಿನುಗುವ ಉದ್ದ ಪಟ್ಟಿಗಳು ಬರೀ ಅಲಂಕಾರಕ್ಕೆ ಇರುವಂಥವು. ಅವಕ್ಕೆ ಮೂಟೆ ಕಟ್ಟುವುದೂ ಓಲೆ ಜುಮುಕಿಗೆ ಕೊಡ ನೇತುಹಾಕುವುದೂ ಒಂದೇ.

ಇವರ ಬಳಿ ಕೈಪಿಡಿಗಿಂತ ಗಟ್ಟಿಯಾದ ಪ್ರಮಾಣವಿದೆ: ಸ್ವತಃ ಇವರೇ. ಹಗ್ಗ ಎಳೆಯಲು ಮೇಲೆ ಹತ್ತಿ, ಲುಂಗಿ ಎತ್ತಿ ಕಟ್ಟಿ, ಮೂಟೆಯ ಮೇಲೊಂದು ಕಾಲಿಟ್ಟು ಎರಡು ಸಲ ಕುಪ್ಪಳಿಸುತ್ತಾರೆ. ‘ನಾನೇ 85 ಕಿಲೋ ಇದೀನಿ. ಏನಾದ್ರೂ ಆಯ್ತಾ?’ ಆಗಿಲ್ಲ, ನಿಜ. ನಿಂತ ಗಾಡಿಯ ನೆತ್ತಿ ಓಡುವ ಗಾಡಿಯ ನೆತ್ತಿಗಿಂತ ಬಹಳ ಹೆಚ್ಚು ಹೊರುತ್ತದೆ. ಛಾವಣಿಯ ಮೇಲೆ ಡೇರೆ ಬಿಚ್ಚಿ ಗಂಡ ಹೆಂಡತಿ ಇಬ್ಬರೂ ಮಲಗುವ ಪ್ರವಾಸಿಗರಿದ್ದಾರೆ, ಅವರಿಗೂ ಏನೂ ಆಗುವುದಿಲ್ಲ. ಆಗ ಭಾರವೆಲ್ಲ ನೇರ ಕೆಳಗೆ, ಕಂಬಗಳ ಮೂಲಕ ಚಕ್ರಕ್ಕೆ ಇಳಿಯುತ್ತದೆ. ಗಾಡಿ ಹೊರಟ ಮೇಲೆ ಅದೇ ಮೂಟೆ ಹೊಂಡಕ್ಕೊಮ್ಮೆ ಎದ್ದು ಬಡಿಯುತ್ತದೆ, ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ, ಜೋರಾಗಿ ಬ್ರೇಕ್ ಒತ್ತಿದರೆ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಕೈಪಿಡಿಯ 75 ಓಡುವ ಗಾಡಿಯ ಲೆಕ್ಕ. ಕುಪ್ಪಳಿಸಿದ್ದು ಅಂಗಳದಲ್ಲಿ.

ಇವರ ಲೆಕ್ಕವೆಲ್ಲ ಹಗ್ಗದ್ದು. ‘ಬಿಗಿಯಾಗಿ ಕಟ್ಟಿದೀನಿ’ ಎಂದರೆ ತೂಕದ ವಿಚಾರ ಮುಗಿಯಿತು. ಗಂಟು ಬಿಗಿಯಾದಷ್ಟೂ ಮೂಟೆ ಹಗುರವಾಗುತ್ತದೆ ಎಂಬ ನಂಬಿಕೆ. ನೀಲಿ ನೈಲಾನ್ ಹಗ್ಗ ಆಚೆಯಿಂದ ಈಚೆಗೆ ಏಳು ಸುತ್ತು ಬರುತ್ತದೆ. ಒಂದು ಸುತ್ತು ಹಿಂದಿನ ಬಾಗಿಲಿನ ಮೂಲಕ ಹಾದಿರುವುದರಿಂದ ಆ ಬದಿಯ ಮಕ್ಕಳು ಬೆಂಗಳೂರು ಮುಟ್ಟುವವರೆಗೆ ಇನ್ನೊಂದು ಬದಿಯಿಂದ ಇಳಿಯಬೇಕು.

ಸೋಮೇಶ್ವರ ದಾಟಿದ ಮೇಲೆ ಆಗುಂಬೆ ಘಾಟಿ, ಹದಿನಾಲ್ಕು ಕಡಿದಾದ ತಿರುವು. ಎಸ್‌ಯುವಿ ಮೊದಲೇ ಎತ್ತರದ ಗಾಡಿ. ನೆತ್ತಿಗೆ ಭಾರ ಏರಿದಷ್ಟೂ ಗುರುತ್ವಕೇಂದ್ರ ಮೇಲೆ ಸರಿದು ತಿರುವಿನಲ್ಲಿ ತೂಗಾಟ ಹೆಚ್ಚುತ್ತದೆ. ನಾಲ್ಕನೇ ತಿರುವಿಗೆ ಹಿಂದಿನ ಸೀಟು ಮಾತು ನಿಲ್ಲಿಸುತ್ತದೆ. ಆರನೆಯದಕ್ಕೆ ಹೆಂಡತಿ ‘ರೀ, ನಿಧಾನ’ ಎನ್ನುತ್ತಾರೆ. ‘ಸಸ್ಪೆನ್ಷನ್ನೇ ಹಂಗಿದೆ ಇದರದ್ದು’ ಎಂದು ಉತ್ತರ. ಅಷ್ಟರಲ್ಲಿ ಮುಂಗಾರಿಗೆ ಮುಂಚಿನ ಮಳೆ ಸುರಿದರೆ ಹತ್ತಿ ಹಾಸಿಗೆಯ ತೂಕವನ್ನು ಮತ್ತೆ ಹೊಸದಾಗಿ ಬರೆದುಕೊಳ್ಳಬೇಕು. ಟಾರ್ಪಾಲು ಮನೆಯ ಜಗುಲಿಯಲ್ಲೇ ಉಳಿದಿರುತ್ತದೆ.

ಶಿವಮೊಗ್ಗ ದಾಟಿ ಹೆದ್ದಾರಿ ಸಿಕ್ಕಿತೆಂದರೆ ಗಾಳಿಯ ಸರದಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ನೆತ್ತಿಯ ಮೇಲೊಂದು ದೊಡ್ಡ ಮೊಂಡು ಪೆಟ್ಟಿಗೆ ಇದ್ದರೆ ಹೆದ್ದಾರಿಯಲ್ಲಿ ಮೈಲೇಜು ಶೇಕಡಾ 6ರಿಂದ 17ರವರೆಗೆ ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹಲಸಿನ ಲೆಕ್ಕ ಅವರು ಹಾಕಿಲ್ಲ. ಬಂಕಿನಲ್ಲಿ ಇವರು ಡೀಸೆಲ್ ಹಾಕುವ ಹುಡುಗನ ಮೀಟರನ್ನು ಅನುಮಾನಿಸುತ್ತಾರೆ. ಬಿಗಿದ ಹಗ್ಗ ಒಂದೇ ಶ್ರುತಿಯಲ್ಲಿ ತಂಬೂರಿಯಂತೆ ಗುಂಯ್‌ಗುಡುತ್ತಿರುತ್ತದೆ. ಅದು ಎಂಬತ್ತು ಕಿಲೋಮೀಟರಿಗೆ ಶುರುವಾಗಿ ಅರವತ್ತಕ್ಕೆ ನಿಲ್ಲುವುದರಿಂದ ಸ್ಪೀಡೋಮೀಟರ್ ನೋಡುವ ಅಗತ್ಯ ಬೀಳುವುದಿಲ್ಲ.

ಬೆಂಗಳೂರು ಮುಟ್ಟುವಾಗ ರಾತ್ರಿ ಹತ್ತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನ ಬಾಯಲ್ಲಿ ‘ಎತ್ತರ 2.1 ಮೀಟರ್’ ಎಂಬ ಹಳದಿ ಫಲಕ ತೂಗುತ್ತಿದೆ. ಸೆಕ್ಯೂರಿಟಿಯವನು ಸೀಟಿ ಊದುತ್ತಾನೆ. ಊರಿನಲ್ಲಿ ಕುಪ್ಪಳಿಸಿ ಗಟ್ಟಿ ಮಾಡಿದ ಗಂಟನ್ನು ಕತ್ತಿಯಿಂದ ಕೊಯ್ದು, ಎಲ್ಲವನ್ನೂ ಗೇಟಿನಲ್ಲೇ ಇಳಿಸಬೇಕಾಗುತ್ತದೆ. ಹತ್ತು ಕಾಯಿ ಸೆಕ್ಯೂರಿಟಿಗೆ, ಹತ್ತು ಪಕ್ಕದ ಮನೆಗೆ. ಉಳಿದದ್ದನ್ನು ಲಿಫ್ಟಿನೊಳಗೆ ಪೇರಿಸುವಾಗ ಇವರ ಕಣ್ಣು ಸ್ಟೀಲ್ ಫಲಕದ ಮೇಲೆ ಬೀಳುತ್ತದೆ: 6 ಜನ, 408 ಕಿಲೋ. ಮೂಟೆ, ಹಾಸಿಗೆ, ಹೆಂಡತಿ, ಮಕ್ಕಳನ್ನು ಬೆರಳು ಮಡಚಿ ಎಣಿಸಿ, ಎರಡು ಹಲಸನ್ನೂ ಎತ್ತಿ ಹೊರಗಿಡುತ್ತಾರೆ.

‘ಇದು ಮುಂದಿನ ಟ್ರಿಪ್ಪಿಗಿರಲಿ,’ ಎಂದು ಸೆಕ್ಯೂರಿಟಿಗೆ ಹೇಳುತ್ತಾರೆ. ‘ಓವರ್‌ಲೋಡ್ ಮಾಡಬಾರದಪ್ಪ.’