ಅಂಕಲ್, ಹೆಬ್ಬೆರಳು!

ಗಿಟಾರ್ ಕಲಿಯುವವರು ಸಂಗೀತ ಗೊತ್ತಿಲ್ಲದವರ ನಡುವೆ ಮನೆ ಮಾಡಬೇಕು. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಅಂಥ ಮನೆ ಸಿಗುವುದಿಲ್ಲ. ನಮ್ಮ ಮೇಲಿನ ಮನೆಯಲ್ಲಿ ವೀಣೆ ಟೀಚರ್. ಕೆಳಗಿನ ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ರಾಯರು. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ದಿನವೂ ಹಾಜರಾಗಿ ಪಳಗಿದ ಕಿವಿ ಅವರದು. ಎದುರು ಮನೆಯ ಹುಡುಗನಿಗೆ ಮೃದಂಗದಲ್ಲಿ ಸೀನಿಯರ್ ಪಾಸಾಗಿದೆ. ಮೂಲೆಯಲ್ಲಿ ಇಸ್ತ್ರಿ ಮಾಡುವವನು ಕೂಡ ರೇಡಿಯೋ ಕೇಳುತ್ತ ಪೆಟ್ಟಿಗೆ ಊರುವುದು ಸಮಕ್ಕೇ. ಇಂಥ ಕಡೆ, ಕೂದಲು ನೆರೆತ ಮೇಲೆ, ನಾನು ಫಿಂಗರ್‌ಸ್ಟೈಲ್ ಗಿಟಾರ್ ಕಲಿಯಲು ಹೊರಟೆ.

ಫಿಂಗರ್‌ಸ್ಟೈಲ್ ಅಂದರೆ ಕ್ಯಾಂಪ್‌ಫೈರ್ ಸುತ್ತ ಕೂತು ಜರಜರ ಬಾರಿಸುವುದಲ್ಲ. ಇದಕ್ಕೆ ಹಾಡುವವರು ಬೇಡ, ವಾದ್ಯವೃಂದವೂ ಬೇಡ. ದಪ್ಪ ತಂತಿಗಳಾದ ಆರು, ಐದು, ನಾಲ್ಕರ ಮೇಲೆ ಬಲಗೈ ಹೆಬ್ಬೆರಳು ಒಂದೇ ಸಮನೆ ಬೇಸ್ ನುಡಿಸುತ್ತಿರಬೇಕು. ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಉಳಿದ ಮೂರು ತಂತಿಗಳಲ್ಲಿ ಹಾಡನ್ನು ಎತ್ತಬೇಕು. ಕಿರುಬೆರಳಿಗೆ ರಜೆ. ನಾನು ಆರಿಸಿಕೊಂಡದ್ದು 1983ರ ‘ಪಲ್ಲವಿ ಅನುಪಲ್ಲವಿ’. ಮಣಿರತ್ನಂ ಅವರ ಮೊದಲ ಚಿತ್ರ, ಇಳಯರಾಜ ಸಂಗೀತ. ಮೊದಲು ಅದರ ಥೀಮ್ ಸಂಗೀತ, ಅದರ ಬೆನ್ನಿಗೇ ‘ನಗುವಾ ನಯನಾ’. ಎಸ್ಪಿಬಿ, ಜಾನಕಿ ಮತ್ತು ಅಷ್ಟೂ ವಾದ್ಯದವರ ಕೆಲಸವನ್ನು ನನ್ನ ನಾಲ್ಕು ಬೆರಳಿಗೆ ವಹಿಸಿದೆ. ಕೀಬೋರ್ಡ್ ಮೇಲೆ ಎರಡೇ ಬೆರಳಲ್ಲಿ ಟೈಪ್ ಮಾಡಿ ಮ್ಯಾನೇಜರಾದ ಮನುಷ್ಯ ನಾನು.

ಗುರು ಸಿಕ್ಕಿದ್ದು ಬಿಟಿಎಂ ಲೇಔಟಿನಲ್ಲಿ. ಪೀಜಿಯಲ್ಲಿರುವ ಸಾಫ್ಟ್‌ವೇರ್ ಹುಡುಗ, ನನ್ನ ಅರ್ಧ ವಯಸ್ಸು. ಮೊದಮೊದಲು ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಸಿಗ್ನಲ್ಲಿನಲ್ಲಿ ಹಿಂದೆ ಸಿಕ್ಕಿಕೊಂಡವರೆಲ್ಲ ನನಗಿಂತ ಮೊದಲೇ ನನ್ನ ಸಂಗೀತವನ್ನು ವಿಮರ್ಶೆ ಮಾಡಿ ಮುಗಿಸಿದರು. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ಆರ್‌ವಿ ರೋಡಿನಲ್ಲಿ ಹತ್ತಿ ಮೂರನೇ ನಿಲ್ದಾಣದಲ್ಲಿ ಇಳಿಯುವ ಸುಖ ಬಂತು. ಚಾಲಕನಿಲ್ಲದೆಯೂ ಓಡಬಲ್ಲ ರೈಲಿನಲ್ಲಿ ಕೂತು, ನಾನು ಹೇಳದೆಯೇ ಓಡುವ ಹೆಬ್ಬೆರಳು ಯಾವಾಗ ಬಂದೀತು ಎಂದು ಯೋಚಿಸುತ್ತಿದ್ದೆ.

ಏಕೆಂದರೆ ಎಲ್ಲ ತಕರಾರೂ ಅದರದೇ. ಬೇಸ್ ಒಂದನ್ನೇ ನುಡಿಸು ಅಂದರೆ ಸೊಗಸಾಗಿ ನುಡಿಸುತ್ತದೆ. ಮೇಲಿನ ತಂತಿಯಲ್ಲಿ ಹಾಡು ಶುರುವಾಯಿತೋ, ಪಂಕ್ತಿಯಲ್ಲಿ ಕೂತವನು ಪಕ್ಕದೆಲೆಗೆ ಬಿದ್ದದ್ದೆಲ್ಲ ತನಗೂ ಬೇಕೆಂದು ಕೈಯೊಡ್ಡುವ ಹಾಗೆ, ಹಾಡಿನ ಸ್ವರ ಬಿದ್ದಲ್ಲೆಲ್ಲ ತಾನೂ ಬೀಳುತ್ತದೆ. ‘ಅಂಕಲ್, ಹೆಬ್ಬೆರಳು!’ ಎನ್ನುತ್ತಾನೆ ಗುರು. ಸರಿಪಡಿಸಿಕೊಳ್ಳುವಷ್ಟರಲ್ಲಿ ಹಾಡು ನಿಂತಿರುತ್ತದೆ. ‘ಅಂಕಲ್, ಹಾಡು!’ ದ್ರೋಣರು ಏಕಲವ್ಯನಿಂದ ಕೇಳಿ ಪಡೆದದ್ದನ್ನು ನಾನು ಮೊದಲ ವಾರವೇ ಫೀಸಿನ ಜತೆ ಕೊಟ್ಟುಬಿಡಲು ಸಿದ್ಧನಿದ್ದೆ.

ಹುಡುಗ ನನಗೆ ಧೈರ್ಯ ತುಂಬಲು ಒಂದು ಕಥೆ ಹೇಳಿದ. ಈ ಹೆಬ್ಬೆರಳಿನ ವರಸೆಗೆ ಹೆಸರು ಕೊಟ್ಟವನು ಅಮೆರಿಕದ ಕೆಂಟಕಿಯ ಮರ್ಲ್ ಟ್ರಾವಿಸ್. ಆತ ನುಡಿಸುತ್ತಿದ್ದದ್ದು ಹೆಚ್ಚುಕಡಿಮೆ ಹೆಬ್ಬೆರಳು, ತೋರುಬೆರಳು ಎರಡರಲ್ಲೇ. ರೇಡಿಯೋದಲ್ಲಿ ಅದನ್ನು ಕೇಳಿದ ಚೆಟ್ ಆಟ್ಕಿನ್ಸ್ ಎಂಬ ಹುಡುಗ, ಇಷ್ಟೆಲ್ಲ ಬರಬೇಕಾದರೆ ಹೆಬ್ಬೆರಳಿನ ಜತೆ ಎರಡು ಬೆರಳಾದರೂ ಇರಲೇಬೇಕು ಅಂದುಕೊಂಡು ಹಾಗೇ ಸಾಧನೆ ಮಾಡಿದ, ಅದೇ ಒಂದು ದೊಡ್ಡ ಶೈಲಿಯಾಯಿತು. ಕಥೆ ಚೆನ್ನಾಗಿತ್ತು. ಆತ ತಪ್ಪು ಕೇಳಿಸಿಕೊಂಡು ಆಟ್ಕಿನ್ಸ್ ಆದ. ನಾನು ಯೂಟ್ಯೂಬಿನಲ್ಲಿ ಬೆರಳು ಬೆರಳನ್ನೂ ನಿಧಾನಗತಿಯಲ್ಲಿ ಕಣ್ಣಾರೆ ನೋಡಿ ಹೀಗಾದೆ.

ಮನೆಯಲ್ಲಿ ಅಭ್ಯಾಸ ಬಾಲ್ಕನಿಯಲ್ಲಿ. ಒಂದು ಸಂಜೆ ಮೆಟ್ಟಿಲ ಬಳಿ ಸಿಕ್ಕ ರಾಯರಿಗೆ, ‘ನನ್ನಿಂದ ತೊಂದರೆ ಆಗ್ತಿದ್ದರೆ ಹೇಳಿ ಸಾರ್’ ಅಂದೆ.

‘ಛೇ, ಎಂಥ ತೊಂದರೆ! ನಮ್ಮ ಮಹಾರಾಜರೇ ಪಿಯಾನೋ ಕಲಿತಿದ್ರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ಯಾರು ಅಂದ್ಕೊಂಡ್ರಿ? ಜಯಚಾಮರಾಜ ಒಡೆಯರು! ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದೂ ಅದೇ ವರ್ಷ. ಪಾಶ್ಚಾತ್ಯ ಸಂಗೀತ ನಮಗೇನು ಹೊಸದಲ್ಲ, ನುಡಿಸಿ.’ ನನ್ನ ಎದೆ ಉಬ್ಬಿತು. ಎರಡು ಮೆಟ್ಟಿಲು ಇಳಿದು ತಿರುಗಿದರು. ‘ಗಾಂಧಾರ ಒಂಚೂರು ಮೇಲಿದೆ, ನೋಡ್ಕೊಳ್ಳಿ.’

ಫೋನಿನ ಟ್ಯೂನರಿನಲ್ಲಿ ಆರೂ ತಂತಿಗೆ ಹಸಿರು ದೀಪ. ರಾಯರಿಗೆ ತೋರಿಸಿದೆ. ‘ದೀಪ ಸರಿಯಾಗಿದೆ, ಗಾಂಧಾರ ಮೇಲಿದೆ’ ಅಂದರು. ಗುರುವನ್ನು ಕೇಳಿದರೆ ರಾಯರೇ ಸರಿ! ಗಿಟಾರಿನಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಫ್ರೆಟ್ ಬಡಿದಿರುತ್ತಾರೆ. ಆ ಲೆಕ್ಕದಲ್ಲಿ ಅಂತರ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಮಿಡಿಯುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್, ಅಂದರೆ ಅರ್ಧಸ್ವರದ ಏಳನೇ ಒಂದು ಪಾಲು, ಮೇಲೆ ನಿಲ್ಲುತ್ತದೆ. ಪ್ರಪಂಚದ ಗಿಟಾರುಗಳೆಲ್ಲ ಹೀಗೇ. ಪ್ರಪಂಚ ಸುಮ್ಮನಿದೆ, ನಾಲ್ಕನೇ ಟಿ ಬ್ಲಾಕ್ ಸುಮ್ಮನಿಲ್ಲ.

ಮೇಲಿನ ಮನೆಯ ಟೀಚರ್ ಇನ್ನೂ ಒಂದು ಹೆಜ್ಜೆ ಮುಂದೆ. ‘ಅದೇನಪ್ಪಾ ಅಷ್ಟು ಒದ್ದಾಡ್ತೀಯಾ? ನಾವು ಎರಡು ಬೆರಳಲ್ಲಿ ಕೃತಿ ನುಡಿಸ್ತಾನೇ ಕಿರುಬೆರಳಲ್ಲಿ ತಾಳದ ತಂತಿ ಮೀಟಲ್ವಾ?’ ಅವರ ಬಳಿ ಕಲಿಯುವ ಎಂಟು ವರ್ಷದ ಹುಡುಗಿ ಆಗಲೇ ಅದನ್ನು ಮಾಡುತ್ತ, ಕಿಟಕಿಯಿಂದ ನನ್ನ ಕಡೆ ನೋಡುತ್ತಿದ್ದಳು. ನಾನು ರಜೆ ಕೊಟ್ಟ ಬೆರಳಿಗೆ ಈ ಜನ ಎಷ್ಟೋ ಕಾಲದ ಹಿಂದೆಯೇ ಕೆಲಸ ಹಚ್ಚಿದ್ದರು.

ಇನ್ನು ಉಗುರು. ಎಡಗೈಯಲ್ಲಿ ಬುಡಮಟ್ಟ ಕತ್ತರಿಸಬೇಕು, ಬಲಗೈಯಲ್ಲಿ ಬೆಳೆಸಬೇಕು. ಅಮ್ಮ ಪಂಚಾಂಗ, ನಕ್ಷತ್ರ ಎಲ್ಲ ತೆಗೆದರು. ಹುಳಿಯನ್ನ ಕಲಸಿದರೆ ತೊಗರಿಬೇಳೆ ಉಗುರಿನಡಿಯಲ್ಲಿ ಮರುದಿನದವರೆಗೆ ಉಳಿಯಿತು. ಎಡಗೈ ಬೆರಳ ತುದಿಗಳು ಸ್ಟೀಲ್ ತಂತಿಗೆ ಸಿಕ್ಕಿ ಜಡ್ಡುಗಟ್ಟಿ, ಆಫೀಸಿನ ಹಾಜರಿ ಯಂತ್ರ ನನ್ನನ್ನು ಗುರುತಿಸಲು ನಿರಾಕರಿಸಿತು. ಗಿಟಾರ್ ಕಲಿತದ್ದಕ್ಕೆ ನನಗಿದ್ದ ಲಿಖಿತ ಪುರಾವೆ ಅದೊಂದೇ.

ಅಷ್ಟರಲ್ಲಿ ನವೆಂಬರ್ ಬಂತು. ನಮ್ಮ ರಸ್ತೆಯ ರಾಜ್ಯೋತ್ಸವಕ್ಕೆ ನನ್ನ ಹೆಸರನ್ನು ರಾಯರೇ ಕೊಟ್ಟಿದ್ದರು. ಹಿಂದಿನ ದಿನ ಗ್ಯಾಸ್ ಸಿಲಿಂಡರಿನ ಮುಚ್ಚಳ ಎಳೆಯಲು ಹೋಗಿ ತೋರುಬೆರಳು, ಮಧ್ಯದ ಬೆರಳಿನ ಉಗುರು ಎರಡೂ ಮುರಿದವು. ‘ದೊಡ್ಡ ದೊಡ್ಡ ಗಿಟಾರಿಸ್ಟ್‌ಗಳೇ ಪಾರ್ಲರಿನಲ್ಲಿ ಅಕ್ರಿಲಿಕ್ ಉಗುರು ಹಾಕಿಸ್ತಾರೆ, ಅಂಕಲ್’ ಎಂದ ಗುರು. ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರದ ಒಂದು ನೇಲ್ ಪಾರ್ಲರಿಗೆ ಹೋಗಿ, ಹಣೆಗೆ ಅರಿಸಿನ ಹಚ್ಚಿಕೊಂಡಿದ್ದ ಮದುಮಗಳೊಬ್ಬಳ ಪಕ್ಕದ ಕುರ್ಚಿಯಲ್ಲಿ ಕೂತೆ.

‘ಎರಡೂ ಕೈಗಾ ಸರ್?’

‘ಒಂದೇ ಕೈಗೆ. ಎರಡು ಬೆರಳಿಗೆ.’

ಹುಡುಗಿ ನನ್ನ ಮುಖ ನೋಡಿದಳು. ‘ಟ್ರಯಲ್ಲಾ?’

‘ಗಿಟಾರಿಗೆ’ ಅಂದೆ. ಆಕೆ ಶೇಡ್ ಕಾರ್ಡಿನ ಪುಟ ತಿರುಗಿಸುತ್ತ, ‘ಗಿಟಾರ್ ಡಿಸೈನ್ ಇಲ್ಲ ಸರ್, ಚಿಟ್ಟೆ ಇದೆ’ ಅಂದಳು. ಬಣ್ಣ ಬೇಡವೆಂದು ಒಪ್ಪಿಸುವಷ್ಟರಲ್ಲಿ ಮದುಮಗಳ ಜತೆ ಬಂದಿದ್ದ ಹೆಂಗಸು, ‘ನೀವು ಬನಶಂಕರಿ ಕಮಲತ್ತೆ ಅಳಿಯ ಅಲ್ವಾ?’ ಅಂದರು. ನಾನು ಮನೆ ತಲುಪುವ ಮೊದಲೇ ಸುದ್ದಿ ಬನಶಂಕರಿ ಎರಡನೇ ಹಂತಕ್ಕೆ ಹೋಗಿ, ಅಲ್ಲಿಂದ ನನ್ನ ಹೆಂಡತಿಯ ಫೋನಿಗೆ ವಾಪಸು ಬಂದಿತ್ತು. ‘ರೀ, ನನಗೆ ಯಾವತ್ತಾದ್ರೂ ಹಾಕಿಸಿದ್ದೀರಾ?’ ಎಂದಷ್ಟೇ ಕೇಳಿದಳು.

ವೇದಿಕೆಯಲ್ಲಿ ನನಗಿಂತ ಮುಂಚೆ ಡೊಳ್ಳು ಕುಣಿತವಿತ್ತು. ಡೊಳ್ಳಾದ ಮೇಲೆ ಅಕೌಸ್ಟಿಕ್ ಗಿಟಾರನ್ನು ಯಾರಿಟ್ಟರೋ, ಅವರಿಗೆ ಒಳ್ಳೆಯದಾಗಲಿ. ಮೈಕ್‌ಸೆಟ್ಟಿನವನು ಮೈಕನ್ನು ನನ್ನ ಬಾಯಿಗೇ ಹಿಡಿದ. ಕೆಳಗೆ, ಗಿಟಾರಿನ ಬಾಯಿಗೆ ಇಳಿಸು ಎಂದು ಕೈಸನ್ನೆ ಮಾಡಿದೆ. ಥೀಮ್ ಶುರು ಮಾಡಿದೆ. ಆಶ್ಚರ್ಯ, ಹೆಬ್ಬೆರಳು ಅದರ ಪಾಡಿಗೆ ಅದು ನಡೆಯಿತು! ನಾಲ್ಕು ಆವರ್ತ, ಐದು. ಅದೇ ಖುಷಿಯಲ್ಲಿ ತಲೆಯೆತ್ತಿ ನೋಡಿದರೆ ಎದುರು ಸಾಲಿನವರೆಲ್ಲ ಜೇಬು, ವ್ಯಾನಿಟಿ ಬ್ಯಾಗು ತಡಕುತ್ತಿದ್ದಾರೆ. ಇಳಯರಾಜರ ಆ ಥೀಮ್ ಐಡಿಯಾ ಮೊಬೈಲಿನ ಜಾಹೀರಾತಿಗೆ ಬಂದು ಎಷ್ಟೋ ವರ್ಷ ದೇಶದ ಕಿವಿಯಲ್ಲಿ ಕೂತಿತ್ತಲ್ಲ! ಕಂಪನಿ ವೊಡಾಫೋನಿನ ಜತೆ ಸೇರಿ, 2020ರಲ್ಲಿ ಹೆಸರನ್ನೂ ‘ವಿ’ ಎಂದು ಬದಲಿಸಿಕೊಂಡಿದೆ. ಟ್ಯೂನ್ ಮಾತ್ರ ಜನರ ತಲೆಯಿಂದ ಇಳಿದಿಲ್ಲ. ಮೂರನೇ ಸಾಲಿನ ತಾತನೊಬ್ಬರು ಫೋನನ್ನು ಕಿವಿಗಿಟ್ಟು ‘ಹಲೋ, ಹಲೋ’ ಎಂದು ಎದ್ದು ನಡೆದೇಬಿಟ್ಟರು. ಹೆಬ್ಬೆರಳು ಅವರನ್ನೇ ನೋಡುತ್ತ ನಿಂತಿತು. ‘ನಗುವಾ ನಯನಾ’ಕ್ಕೆ ಹೇಗೋ ಹೋಗಿ ಸೇರಿದೆ, ಮಧ್ಯದಲ್ಲಿ ಮಧ್ಯದ ಬೆರಳಿನ ಉಗುರು ಹಾರಿ ಮೃದಂಗದ ಹುಡುಗನ ತೊಡೆಯ ಮೇಲೆ ಬಿತ್ತು.

ಇಳಿದು ಬಂದಾಗ ರಾಯರು ಕೈ ಕುಲುಕಿದರು. ಗಾಂಧಾರದ ಮಾತೆತ್ತಲಿಲ್ಲ. ಫೋನ್ ಹಿಡಿದು ಹೋಗಿದ್ದ ತಾತ ವಾಪಸು ಬಂದು ಬಹಳ ಪ್ರೀತಿಯಿಂದ ಬೆನ್ನು ತಟ್ಟಿ, ‘ಥೇಟ್ ಫೋನ್ ಬಂದ ಹಾಗೇ ಇತ್ತು ಕಣಯ್ಯಾ! ಏರ್‌ಟೆಲ್‌ದೂ ಬರುತ್ತಾ?’ ಎಂದು ಕೇಳಿದರು.

ಅದು ಎ. ಆರ್. ರೆಹಮಾನ್ ಮಾಡಿದ್ದು. ಗುರುವಿಗೆ ಹೇಳಿದ್ದೇನೆ, ಟ್ಯಾಬ್ ಹುಡುಕುತ್ತಿದ್ದಾನೆ.